ಪ್ರಾಣಿ ಮನುಷ್ಯರ ಹಾಗೆ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಕನ್ನಡದಲ್ಲಿ ಏನು ಓದಲಿ?

ಡೊಂಬಿವಲಿ_ಸ್ಲೋ

ಎಲ್ಲರಿಗೂ ನಮಸ್ಕಾರ. ನಾನು ದಿನಾ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಮುಂಬೈನ ಫೋರ್ಟ್‌ಗೆ ಹೋಗಿ ಬರುವವನು. ಹೋಗೋಕೆ ಒಂದೂಕಾಲು ಗಂಟೆ, ಬರೋಕೆ ಒಂದೂಕಾಲು ಗಂಟೆ. ಸೀಟು ಸಿಕ್ಕ ದಿನ ಪುಸ್ತಕ ಓದುತ್ತೇನೆ, ಸಿಗದ ದಿನ ಯಾರದೋ ಬೆನ್ನು ನೋಡುತ್ತಾ ನಿಲ್ಲುತ್ತೇನೆ.

ನಾನು ಓದೋದು ಮೂರೇ ಜಾತಿ. ಸೈನ್ಸ್ ಫಿಕ್ಷನ್, ಫ್ಯಾಂಟಸಿ, ಆಮೇಲೆ ಪ್ರಾಣಿಗಳ ಕಥೆ. ಆಫೀಸಲ್ಲಿ ಗೊತ್ತಾದಾಗ ಒಬ್ಬರು ನಕ್ಕರು, ಈ ವಯಸ್ಸಲ್ಲಿ ಮಕ್ಕಳ ಪುಸ್ತಕ ಓದ್ತೀರಾ ಅಂತ. ಅವರಿಗೆ ಏನು ಹೇಳೋದು ಬಿಡಿ. ನನ್ನ ಲೆಕ್ಕದಲ್ಲಿ ಈ ಮೂರೂ ಒಂದೇ. ಮನುಷ್ಯ ಅಲ್ಲದ್ದು ಲೋಕವನ್ನು ಹೇಗೆ ನೋಡುತ್ತೆ ಅನ್ನೋದೇ ಮೂರರ ಕೆಲಸ. ಆ ಕೆಲಸದಲ್ಲಿ ಲೇಖಕ ಮೋಸ ಮಾಡಿ, ಮೊಲಕ್ಕೆ ಪ್ಯಾಂಟು ಹಾಕಿಸಿ ಮನುಷ್ಯರ ಮಾತನ್ನೇ ಆಡಿಸಿದರೆ ನನಗೆ ಅಲ್ಲಿಗೆ ಪುಸ್ತಕ ಮುಗಿಯಿತು.

ಮೋಸ ಮಾಡದ ಪುಸ್ತಕ ಯಾವುದು ಅಂದರೆ ನಾನು ಮೊದಲು ಹೇಳೋದು ರಿಚರ್ಡ್ ಆಡಮ್ಸ್ ಅವರ 'ವಾಟರ್‌ಶಿಪ್ ಡೌನ್'. 1972ರದ್ದು. ಫೌಂಟನ್ ಹತ್ತಿರದ ಫುಟ್‌ಪಾತ್ ರಾಶಿಯಲ್ಲಿ ಸಿಕ್ಕಿತ್ತು, ಹಿಂದಿನ ರಟ್ಟು ಹರಿದಿತ್ತು. ಹೆಣ್ಣುಮಕ್ಕಳಿಬ್ಬರಿಗೆ ಕಾರಲ್ಲಿ ಹೋಗುವಾಗ ಬೇಜಾರಾಗದಿರಲಿ ಅಂತ ಹೇಳಿದ ಕಥೆಯಂತೆ. ಇದರಲ್ಲೂ ಮೊಲಗಳು ಮಾತಾಡುತ್ತವೆ, ಇಲ್ಲ ಅನ್ನಲ್ಲ. ಆದರೆ ಅವಕ್ಕೆ ನಾಲ್ಕರವರೆಗೆ ಮಾತ್ರ ಎಣಿಸೋಕೆ ಬರುತ್ತೆ. ನಾಲ್ಕು ದಾಟಿದರೆ ಐದೂ ಅಷ್ಟೇ, ಸಾವಿರವೂ ಅಷ್ಟೇ, ಎಲ್ಲಕ್ಕೂ ಒಂದೇ ಪದ. ಆ ಒಂದು ವಿಷಯ ಓದಿದ ಮೇಲೆ ನನಗೆ ಅವು ಮೊಲ ಅಂತ ನಂಬಿಕೆ ಬಂತು. ಆಡಮ್ಸ್ ಸುಮ್ನೆ ಕೂತು ಕಲ್ಪಿಸಿಕೊಂಡಿದ್ದಲ್ಲ, ರೊನಾಲ್ಡ್ ಲಾಕ್ಲಿ ಅನ್ನುವವರು ಕಾಡುಮೊಲಗಳ ಬದುಕಿನ ಮೇಲೆ ಬರೆದಿದ್ದ ಪುಸ್ತಕವನ್ನು ಚೆನ್ನಾಗಿ ಓದಿಕೊಂಡಿದ್ದರು. ಮೊಲ ಹೆದರಿದಾಗ ಓಡದೆ ಕಲ್ಲಿನ ಹಾಗೆ ನಿಂತುಬಿಡೋದು, ಗಾಳಿ ಯಾವ ಕಡೆಯಿಂದ ಬೀಸುತ್ತೆ ನೋಡಿಕೊಂಡು ಹೊರಗೆ ಬರೋದು, ಎಲ್ಲ ಇದೆ.

ಎರಡನೇದು ಆರ್ಥರ್ ಕ್ಲಾರ್ಕ್ ಅವರ 'ರಾಂದೆವೂ ವಿತ್ ರಾಮ', 1973. ನಮ್ಮ ರಾಮನೇ, ಗ್ರೀಕ್ ರೋಮನ್ ದೇವರ ಹೆಸರೆಲ್ಲ ಖಾಲಿಯಾಗಿ ನಮ್ಮ ದೇವರ ಹೆಸರಿಗೆ ಬಂದಿರುತ್ತಾರೆ. ರಾಮ ಅಂದರೆ ಸೌರಮಂಡಲದ ಹೊರಗಿಂದ ಬಂದ ಒಂದು ದೊಡ್ಡ ಸಿಲಿಂಡರ್, ಉದ್ದ 50 ಕಿಲೋಮೀಟರ್. ಸಿಎಸ್‌ಎಂಟಿ ಸ್ಟೇಷನ್ನಿನಿಂದ ನಮ್ಮ ಡೊಂಬಿವಲಿ ಹೆಚ್ಚು ಕಮ್ಮಿ 48. ಅಂದರೆ ರಾಮನ ಒಂದು ತುದಿಯಲ್ಲಿ ಲೋಕಲ್ ಹತ್ತಿದರೆ ನಾನು ಮನೆಗೆ ಬಂದು ಇಳಿದರೂ ಅದು ಮುಗಿದಿರಲ್ಲ! ಮನುಷ್ಯರು ಒಳಗೆ ಹೋಗುತ್ತಾರೆ, ಸುತ್ತುತ್ತಾರೆ, ಅಳೆಯುತ್ತಾರೆ, ಯಾರು ಕಟ್ಟಿದರು ಯಾಕೆ ಕಟ್ಟಿದರು ಒಂದೂ ಗೊತ್ತಾಗಲ್ಲ. ಕೊನೆಗೆ ಅದು ಸೂರ್ಯನ ಹತ್ತಿರ ಹೋಗಿ ಶಕ್ತಿ ತುಂಬಿಕೊಂಡು ತನ್ನ ಪಾಡಿಗೆ ಹೋಗುತ್ತೆ. ನಮ್ಮನ್ನು ನೋಡೋಕೆ ಬಂದಿದ್ದೇ ಅಲ್ಲ. ಪೆಟ್ರೋಲ್ ಪಂಪ್‌ಗೆ ಬಂದ ಲಾರಿ ಪಕ್ಕದಲ್ಲಿದ್ದ ಇರುವೆಗೂಡನ್ನು ನೋಡದೆ ಹೋದ ಹಾಗೆ. ಈ ಅವಮಾನ ನನಗೆ ಭಾಳ ಇಷ್ಟ.

ಫ್ಯಾಂಟಸಿಯಲ್ಲಿ ಉರ್ಸುಲಾ ಲೆಗ್ವಿನ್ ಅವರ 'ಅರ್ತ್‌ಸೀ' ಸಾಕು ನನಗೆ. ಅಲ್ಲಿ ಮಂತ್ರಕ್ಕೂ ಲೆಕ್ಕ ಇದೆ. ಒಂದು ದ್ವೀಪಕ್ಕೆ ಮಳೆ ಕರೆದರೆ ಇನ್ನೊಂದು ಕಡೆ ಬರ ಬೀಳಬಹುದು, ಹಾಗಾಗಿ ದೊಡ್ಡ ಮಂತ್ರವಾದಿಗಳು ಮಂತ್ರ ಹಾಕದೆ ಮಳೆಯಲ್ಲಿ ನೆನೆದುಕೊಂಡೇ ನಡೆಯುತ್ತಾರೆ.

ಇಷ್ಟ ಇಲ್ಲದ್ದೂ ಹೇಳಿಬಿಡುತ್ತೇನೆ, ಬಯ್ಯಬೇಡಿ. 'ಆ್ಯನಿಮಲ್ ಫಾರ್ಮ್' ದೊಡ್ಡ ಪುಸ್ತಕ, ಒಪ್ಪಿದೆ. ಆದರೆ ಪ್ರಾಣಿ ಪುಸ್ತಕ ಅಲ್ಲ, ಅಲ್ಲಿನ ಹಂದಿ ಹಂದಿಯಲ್ಲ. 'ಜಂಗಲ್ ಬುಕ್' ತೋಳಗಳು ಕೋರ್ಟಿನ ವಕೀಲರ ಹಾಗೆ ಕಾನೂನು ಹೇಳುತ್ತವೆ.

ಈಗ ಪ್ರಶ್ನೆ. ಇದೆಲ್ಲ ಇಂಗ್ಲಿಷ್ ಆಯಿತು. ನಾನು ಏಳನೇ ಕ್ಲಾಸಿನವರೆಗೆ ಇಲ್ಲಿಯ ಮುನ್ಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಓದಿದವನು, ಕನ್ನಡ ಓದೋಕೆ ಬರುತ್ತೆ, ಸ್ವಲ್ಪ ನಿಧಾನ ಅಷ್ಟೇ. ಕನ್ನಡದಲ್ಲಿ ನನಗೆ ಗೊತ್ತಿರೋದು ಚಂದಮಾಮ ಮತ್ತು ಪುಣ್ಯಕೋಟಿ. ಪುಣ್ಯಕೋಟಿ ಲೆಕ್ಕಕ್ಕಿಲ್ಲ, ಅದು ನೀತಿ ಪಾಠ. ಪ್ರಾಣಿ ಪ್ರಾಣಿಯಾಗಿಯೇ ಇರುವ, ಅಥವಾ ವಿಜ್ಞಾನ ವಿಜ್ಞಾನವಾಗಿಯೇ ಇರುವ ಕನ್ನಡ ಪುಸ್ತಕ ಹೇಳಿ. ಮರಾಠಿಯೂ ನಡೆಯುತ್ತೆ.

ಧಾರವಾಡ_ಟು_ಕೋಥ್ರೂಡ್

ಮರಾಠಿ ನಡೆಯುತ್ತೆ ಅಂದಿರಲ್ಲ, ಛಲೋ ಆತು ನೋಡ್ರಿ. ವ್ಯಂಕಟೇಶ ಮಾಡಗೂಳಕರ್ ಅವರ 'ಸತ್ತಾಂತರ' ಓದಿ, ಬೇರೆ ಮಾತೇ ಇಲ್ಲ. ಸಣ್ಣ ಪುಸ್ತಕ, ನಿಮ್ಮ ಲೋಕಲ್‌ನಲ್ಲಿ ಎರಡು ದಿನ. 1983ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಮುಸಿಯಗಳ ಗುಂಪಿನ ಕಥೆ. ಒಡೆತನ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವುದು, ಅಷ್ಟೇ ಕಥೆ. ರಾಜಕೀಯ ಅಂತ ಓದುವವರು ಓದುತ್ತಾರೆ, ಹೆಸರೇ ಹಾಗಿದೆ, ಅಧಿಕಾರ ಕೈ ಬದಲಾಗುವುದು ಅಂತ. ಆದರೆ ನೀವು ರಾಜಕೀಯ ಮರೆತು ಬರೀ ಮುಸಿಯ ಅಂತ ಓದಿದರೂ ಒಂದು ಸಾಲೂ ಸುಳ್ಳು ಅನಿಸುವುದಿಲ್ಲ.

ಇದರ ಬಗ್ಗೆ ನನಗೆ ಒಂದು ಊರಿನ ಅಭಿಮಾನವೂ ಇದೆ. ಗುಂಪಿಗೆ ಹೊಸ ಗಂಡು ಬಂದರೆ ಹಳೇ ಗಂಡಿನ ಮರಿಗಳನ್ನು ಕೊಲ್ಲುತ್ತದೆ ಅನ್ನುವುದನ್ನು ಮೊದಲು ಕಣ್ಣಾರೆ ನೋಡಿ ಬರೆದವರು ಜಪಾನಿನ ಸುಗಿಯಾಮಾ. ಎಲ್ಲಿ ನೋಡಿದರು ಗೊತ್ತಾ? 1960ರ ದಶಕದ ಮೊದಲಲ್ಲಿ, ನಮ್ಮ ಧಾರವಾಡದ ಹತ್ತಿರದ ಕಾಡಿನಲ್ಲಿ! ಆಗ ಭಾಳ ಮಂದಿ ವಿಜ್ಞಾನಿಗಳು ನಂಬಲಿಲ್ಲ. ತಾಯಿ ಮುಸಿಯಗಳಿಗೆ ಮರಿ ಹೋದ ಮೇಲೆ ಬೇಗ ಬೆದೆ ಬರುತ್ತದೆ, ಹೊಸ ಗಂಡಿಗೆ ತನ್ನ ಸಂತಾನ ಬೇಗ ಬೇಕು, ಅದಕ್ಕೆ ಹಾಗೆ ಅನ್ನುವ ವಿವರಣೆ ಆಮೇಲೆ ಬಂತು. ನಾವು ಸಣ್ಣವರಿದ್ದಾಗ ಅವೇ ಮುಸಿಯಗಳಿಗೆ ಶನಿವಾರ ಬಾಳೆಹಣ್ಣು ಕೊಟ್ಟು ಕೈ ಮುಗಿಯುತ್ತಿದ್ದೆವು.

ಇನ್ನು ಸೈನ್ಸ್ ಫಿಕ್ಷನ್. ಪುಣೆಯಲ್ಲಿ ಕೂತು ಜಯಂತ ನಾರಳೀಕರ್ ಹೆಸರು ಹೇಳದಿದ್ದರೆ ಪಾಪ ಬಂದೀತು. 2025ರ ಮೇ ತಿಂಗಳಲ್ಲಿ ತೀರಿಕೊಂಡರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ಬೇರೆ ಹೆಸರಲ್ಲಿ ಕಥೆ ಕಳಿಸಿದರು. ತಮ್ಮ ಹೆಸರಿನ ಮೊದಲ ಅಕ್ಷರಗಳನ್ನು ಹಿಂದುಮುಂದು ಮಾಡಿ 'ನಾರಾಯಣ ವಿನಾಯಕ ಜಗತಾಪ' ಅಂತ. ದೊಡ್ಡ ವಿಜ್ಞಾನಿ ಅಂತ ಬಹುಮಾನ ಕೊಡಬಾರದಲ್ಲ, ಅದಕ್ಕೆ. ಬಹುಮಾನ ಬಂತು.

ಅವರದ್ದು ಪಾಣಿಪತ್ ಕಥೆ ಒಂದಿದೆ. ಇಂಗ್ಲಿಷಿನಲ್ಲಿ 'ದಿ ಅಡ್ವೆಂಚರ್' ಅಂತ ಹನ್ನೊಂದನೇ ಕ್ಲಾಸಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲೂ ಇದೆ, ನಿಮ್ಮ ಮನೆಯ ಮಕ್ಕಳ ಹತ್ತಿರ ಇದ್ದರೂ ಇರಬಹುದು. ಪುಣೆಯ ಇತಿಹಾಸದ ಪ್ರೊಫೆಸರ್ ಗಂಗಾಧರಪಂತ ಗಾಯತೊಂಡೆ ರೈಲಿನಲ್ಲಿ ಮುಂಬೈಗೆ ಹೋಗುತ್ತಾರೆ. ಹೋಗಿ ನೋಡಿದರೆ ಅಲ್ಲಿ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಇದೆ! 1761ರ ಪಾಣಿಪತ್ ಯುದ್ಧದಲ್ಲಿ ಪೇಶ್ವೆಯ ಮಗ ವಿಶ್ವಾಸರಾವ್‌ಗೆ ಬೀಳಬೇಕಿದ್ದ ಗುಂಡು ಕಿವಿಯ ಪಕ್ಕ ಹಾದು ಹೋಗಿದೆ, ನಿಜದಲ್ಲಿ ಸೋತ ಮರಾಠರು ಅಲ್ಲಿ ಗೆದ್ದಿದ್ದಾರೆ, ಮುಂದಿನ ಇತಿಹಾಸವೆಲ್ಲ ಬೇರೆ. ಪ್ರೊಫೆಸರ್ ಸಾಹೇಬರು ಏನು ಮಾಡುತ್ತಾರೆ ಅಂದರೆ ಟೌನ್ ಹಾಲ್ ಲೈಬ್ರರಿಗೆ ಹೋಗಿ ತಾವೇ ಬರೆದ ಇತಿಹಾಸದ ಸಂಪುಟ ತೆಗೆದು ಓದುತ್ತಾರೆ. ಹೆದರಿಕೆಯಾದಾಗ ಲೈಬ್ರರಿಗೆ ಓಡುವ ನಾಯಕ ಪುಣೆಯವನೇ ಆಗಿರಬೇಕು, ಅಲ್ವಾ?

ಕುಂದು ಹೇಳಬೇಕೆಂದರೆ ನಾರಳೀಕರ್ ಅವರ ಪಾತ್ರಗಳು ಕೆಲವೊಮ್ಮೆ ಕಪ್ಪು ಹಲಗೆಯ ಮುಂದೆ ನಿಂತ ಹಾಗೆ ಮಾತಾಡುತ್ತವೆ. ಕೊನೆಗೆ ಒಬ್ಬ ಗೆಳೆಯ ಬಂದು ಕ್ವಾಂಟಮ್ ಪಾಠ ಮಾಡಿಯೇ ಹೋಗುತ್ತಾನೆ. ಅದು ಇಲ್ಲದಿದ್ದರೂ ನಡೆಯುತ್ತಿತ್ತು.

ಪೋಂಡಾ_ಮಾಷ್ಟ್ರು

ಡೊಂಬಿವಲಿಯವರೇ, ಇಷ್ಟೆಲ್ಲ ಓದಿದ್ದೀರಿ, 'ಕರ್ವಾಲೊ' ಓದಿಲ್ಲ ಅಂದರೆ ಹೇಗೆ ಮಾರಾಯ್ರೆ? ಕನ್ನಡ ಶಾಲೆಯಲ್ಲಿ ಯಾರೂ ಹೇಳಲಿಲ್ವಾ?

ಪೂರ್ಣಚಂದ್ರ ತೇಜಸ್ವಿ, 1980. ನಿಮ್ಮ ಮೂರೂ ಜಾತಿ ಒಂದೇ ಪುಸ್ತಕದಲ್ಲಿದೆ. ಮೂಡಿಗೆರೆಯ ಒಬ್ಬ ಕೃಷಿಕ, ಒಬ್ಬ ವಿಜ್ಞಾನಿ, ಜೇನು ಹುಡುಕುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ, ಎಲ್ಲ ಸೇರಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ರಾಕೆಟ್ ಇಲ್ಲ, ಲೇಸರ್ ಇಲ್ಲ. ಮುಕ್ಕಾಲು ಪುಸ್ತಕ ಮಂದಣ್ಣನ ಮದುವೆ, ಪೊಲೀಸು, ಕಳ್ಳಭಟ್ಟಿ ಕೇಸು ಇದರಲ್ಲೇ ಹೋಗುತ್ತದೆ. ನೀವು ನಗುತ್ತಾ ಇರುತ್ತೀರಿ. ಕಾಲ ಅನ್ನುವುದು ಎಷ್ಟು ಆಳ, ನಾವು ಎಷ್ಟು ನಿನ್ನೆ ಮೊನ್ನೆಯವರು ಅನ್ನುವುದು ಯಾವಾಗ ತಲೆಗೆ ಹೊಕ್ಕಿತು ಅಂತ ಗೊತ್ತೇ ಆಗುವುದಿಲ್ಲ.

ನಾನು ಅದನ್ನು ಮೊದಲ ಸಲ ಓದಿದಾಗ ಹಾರುವ ಓತಿ ಅನ್ನುವುದು ತೇಜಸ್ವಿಯವರು ಕಟ್ಟಿದ ಸುಳ್ಳು ಅಂದುಕೊಂಡಿದ್ದೆ. ಇಲ್ಲಿ ಗೋವಾಕ್ಕೆ ಬಂದು ಎಷ್ಟೋ ವರ್ಷದ ಮೇಲೆ, ಪೋಂಡಾದ ಹೊರಗೆ ಪರಿಚಯದವರ ಅಡಿಕೆ ತೋಟದಲ್ಲಿ ನೀರು ಬಿಡುವುದನ್ನು ನೋಡುತ್ತಾ ನಿಂತಿದ್ದೆ. ಒಂದು ಅಡಿಕೆ ಮರದ ತೊಗಟೆಯೇ ಒಂದು ಚೂರು ಎದ್ದು ಪಕ್ಕದ ಮರಕ್ಕೆ ಹೋಗಿ ಅಂಟಿಕೊಂಡ ಹಾಗೆ ಆಯಿತು. ಹತ್ತಿರ ಹೋದೆ. ಕುತ್ತಿಗೆ ಕೆಳಗೆ ಹಳದಿ ಚೀಲವೊಂದನ್ನು ಚೂಪಾಗಿ ಹೊರಗೆ ಹಾಕಿ ಒಳಗೆ ಎಳೆದುಕೊಂಡಿತು. ಗಂಡು ಅದು. ತೋಟದವರು ತಿರುಗಿ ಕೂಡ ನೋಡಲಿಲ್ಲ, ಅವರಿಗೆ ದಿನದ್ದು.

ಅದು ಹಕ್ಕಿಯ ಹಾಗೆ ಹಾರುವುದಲ್ಲ, ತೇಲುವುದು. ಪಕ್ಕೆಲುಬುಗಳು ಉದ್ದ ಬೆಳೆದು ಹೊರಗೆ ಬಂದಿವೆ, ಅದರ ಮೇಲೆ ಚರ್ಮ, ಕೊಡೆ ಬಿಡಿಸಿದ ಹಾಗೆ ಬಿಡಿಸುತ್ತದೆ. ಮರದ ಮೇಲೆ ಇರುವೆ ತಿಂದುಕೊಂಡು ಇರುತ್ತದೆ. ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ. ಕಾದಂಬರಿಯ ಓತಿ ಇದಲ್ಲ, ಅದು ಕೋಟ್ಯಂತರ ವರ್ಷದ ಹಿಂದಿನದು ಹೇಗೋ ಉಳಿದುಕೊಂಡದ್ದು. ಅಷ್ಟೇ ತೇಜಸ್ವಿ ಸೇರಿಸಿದ್ದು. ಇರುವ ಪ್ರಾಣಿಗೆ ಒಂದೇ ಒಂದು ಸುಳ್ಳು. ಸೈನ್ಸ್ ಫಿಕ್ಷನ್‌ಗೆ ಒಂದು ಸುಳ್ಳು ಸಾಕು ಅನ್ನುವುದು ನನ್ನ ಅಭಿಪ್ರಾಯ.

ಆ ಓತಿ ಇಡೀ ಪುಸ್ತಕದಲ್ಲಿ ಒಂದು ಮಾತು ಆಡುವುದಿಲ್ಲ, ನಿಮಗೆ ಸಿಟ್ಟು ಬರುವ ಪ್ರಶ್ನೆಯೇ ಇಲ್ಲ. ಇವರು ಸುತ್ತ ನಿಂತು ಅದಕ್ಕೇನು ಅರ್ಥ ಅಂತ ಯೋಚಿಸುವಾಗ ಅದು ಬಂಡೆಯ ತುದಿಯಿಂದ ತೇಲಿ ಹೋಗಿಬಿಡುತ್ತದೆ. ನಿಮ್ಮ ಕ್ಲಾರ್ಕ್ ಸಾಹೇಬರ ರಾಮನೂ ಹಾಗೇ ಹೋದ ಅಂದಿರಲ್ಲ, ಇದು ಅದರ ಮೂಡಿಗೆರೆ ಆವೃತ್ತಿ ಅಂದುಕೊಳ್ಳಿ. ಅಯ್ಯೋ, ಕೊನೆ ಹೇಳಿಬಿಟ್ಟೆ. ಹೇಳಿದರೂ ಹಾಳಾಗುವ ಪುಸ್ತಕ ಅಲ್ಲ.

ಅದಾದ ಮೇಲೆ ತೇಜಸ್ವಿಯವರದ್ದೇ 'ಪರಿಸರದ ಕತೆ'. ಮಾರ, ಪ್ಯಾರ, ಮತ್ತೆ ಅದೇ ಕಿವಿ.

ಡೊಂಬಿವಲಿ_ಸ್ಲೋ

ಮಾಷ್ಟ್ರೇ, ಕೊನೆ ಹೇಳಿದ್ದಕ್ಕೆ ನಿಜವಾಗಿ ಸಿಟ್ಟು ಬಂತು, ಆದರೆ ತೊಗಟೆ ಎದ್ದು ಹಾರಿತು ಅಂದಿದ್ದಕ್ಕೆ ಮಾಫ್. ಕೋಥ್ರೂಡ್ ಸರ್, ಧಾರವಾಡದ ಮುಸಿಯ ವಿಷಯ ಗೊತ್ತೇ ಇರಲಿಲ್ಲ, 'ಸತ್ತಾಂತರ' ಈ ವಾರವೇ ಹುಡುಕುತ್ತೇನೆ. ಕನ್ನಡದಲ್ಲಿ ಪೂರ್ತಿ ಫ್ಯಾಂಟಸಿ ಯಾರೂ ಹೇಳಲಿಲ್ಲವಲ್ಲ? ಇಲ್ಲವೇ ಇಲ್ವಾ?

ಮಾಟುಂಗಾ_ಅಕ್ಕ

ತಮ್ಮಾ, ಸ್ವಲ್ಪ ತಡಿ. ಪುಣ್ಯಕೋಟಿ ಲೆಕ್ಕಕ್ಕಿಲ್ಲ ಅಂದೆಯಲ್ಲ, ಅದಕ್ಕೆ ಮೊದಲು ಉತ್ತರ ಕೊಡು. ನೀನು ಕೊಟ್ಟಿಗೆ ನೋಡಿದ್ದೀಯಾ?

ನಾನು ಕುಂದಾಪುರದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬರುವವರೆಗೆ ದಿನಾ ಹಾಲು ಕರೆದವಳು. ಪುಣ್ಯಕೋಟಿ ಸಾಯಲು ಹೊರಟಾಗ ಕರು ಏನು ಕೇಳುತ್ತದೆ, ನೆನಪು ಮಾಡಿಕೋ. ಯಾರ ಮೊಲೆ ಕುಡಿಯಲಿ, ಯಾರ ಹತ್ತಿರ ಮಲಗಲಿ. ಧರ್ಮದ ಮಾತು ಒಂದಾದರೂ ಆಡುತ್ತದಾ? ಕರುವಿಗೆ ಬಾಯಿ ಬಂದರೆ ಕೇಳುವುದು ಅದನ್ನೇ, ಹಾಲು ಮತ್ತು ಮಲಗುವ ಜಾಗ. ಆಮೇಲೆ ತಾಯಿ ಉಳಿದ ಹಸುಗಳಿಗೆ ಏನು ಹೇಳುತ್ತದೆ? ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ. ಬೇರೆ ಹಸುವಿನ ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಹಸು ಒದ್ದೇ ಒದೆಯುತ್ತದೆ, ಅದಕ್ಕೆ ತನ್ನ ಕರುವಿನ ವಾಸನೆ ಗೊತ್ತು. ಆ ಹಾಡು ಕಟ್ಟಿದವನು ಯಾವ ವಿಜ್ಞಾನದ ಪುಸ್ತಕವನ್ನೂ ಓದಿರಲಿಲ್ಲ, ಕೊಟ್ಟಿಗೆಯಲ್ಲಿ ಕೂತು ನೋಡಿದ್ದ. ನಿನ್ನ ಮೊಲ ನಾಲ್ಕರವರೆಗೆ ಎಣಿಸಿದ್ದಕ್ಕೆ ನಂಬಿಕೆ ಬಂತು, ನಮ್ಮ ಹಸು ಒದೆಯಬೇಡಿ ಅಂದಿದ್ದಕ್ಕೆ ಬರಲಿಲ್ಲ, ಯಾಕೆ?

ಹುಲಿಯ ವಿಷಯ ಬೇಕಾದರೆ ಬಿಟ್ಟುಕೊಡುತ್ತೇನೆ. ನಾಚಿಕೆಯಿಂದ ಪ್ರಾಣ ಬಿಡುವ ಹುಲಿ ಹುಲಿ ಅಲ್ಲ.

ಪ್ರಾಣಿ ಮಾತಾಡುವುದು ನಮಗೆ ಹೊಸದೂ ಅಲ್ಲ. ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲೇ ಕನ್ನಡಕ್ಕೆ ಪಂಚತಂತ್ರ ತಂದ. ಅವನು ರಾಜನ ಹತ್ತಿರ ಮಂತ್ರಿಯಾಗಿದ್ದವನು, ಅವನ ನರಿಗಳು ಆಸ್ಥಾನದ ಮಾತು ಆಡಿದರೆ ತಪ್ಪೇನು. ಅಲ್ಲಿ ನೀನು ಹೇಳುವುದು ಸರಿ, ಅವು ವೇಷ ಹಾಕಿದ ಮನುಷ್ಯರೇ. ನಾನು ಅದನ್ನು ಯಕ್ಷಗಾನ ನೋಡಿದ ಹಾಗೆ ಓದುತ್ತೇನೆ. ವೇಷ ಅಂತ ಗೊತ್ತಿದ್ದೇ ಕೂತಿರುತ್ತೇವೆ, ರಾತ್ರಿಯೆಲ್ಲ.

ಫ್ಯಾಂಟಸಿ ಕೇಳಿದೆಯಲ್ಲ. ಕನ್ನಡದಲ್ಲಿ ಅದನ್ನು ಕಾದಂಬರಿಯಲ್ಲಿ ಹುಡುಕಬೇಡ, ನಾಟಕದಲ್ಲಿ ಹುಡುಕು. ಗಿರೀಶ ಕಾರ್ನಾಡರ 'ಹಯವದನ', 1971. ತಲೆ ಅದಲುಬದಲಾದ ಇಬ್ಬರು ಗೆಳೆಯರ ಕಥೆ ಅಂತ ಎಲ್ಲರಿಗೂ ಗೊತ್ತು. ನಿನಗೆ ಬೇಕಾದದ್ದು ಅದರ ಸುತ್ತ ಇರುವ ಇನ್ನೊಂದು ಕಥೆ. ಕುದುರೆಯ ತಲೆ, ಮನುಷ್ಯನ ಮೈ ಇರುವವನೊಬ್ಬ ತನ್ನನ್ನು ಪೂರ್ತಿ ಮಾಡು ಅಂತ ಕಾಳಿಯನ್ನು ಕೇಳುತ್ತಾನೆ. ಕಾಳಿ ಪೂರ್ತಿ ಕುದುರೆ ಮಾಡಿಬಿಡುತ್ತಾಳೆ, ಆದರೆ ದನಿ ಮಾತ್ರ ಮನುಷ್ಯನದ್ದೇ ಉಳಿಯುತ್ತದೆ. ಅವನಿಗೆ ಅದೇ ದೊಡ್ಡ ಸಂಕಟ! ಮನುಷ್ಯನ ದನಿ ಹೋಗಲಿ ಅಂತ ರಾಷ್ಟ್ರಗೀತೆ ಹಾಡಿಕೊಂಡು ತಿರುಗುತ್ತಾನೆ. ಕೊನೆಗೆ ಒಂದು ಮಗುವಿನ ಜೊತೆ ನಕ್ಕು ನಕ್ಕು ಆ ನಗುವೇ ಕೆನೆತ ಆಗುತ್ತದೆ.

ನೋಡು, ಪ್ರಾಣಿಯ ಬಾಯಲ್ಲಿ ಮನುಷ್ಯರ ಮಾತು ಬೇಡ ಅಂತ ನೀನು ಇವತ್ತು ಹೇಳುತ್ತಿದ್ದೀಯ. ಆ ಕುದುರೆ ಅದನ್ನೇ ಐವತ್ತು ವರ್ಷದ ಹಿಂದೆ ಸ್ಟೇಜಿನ ಮೇಲೆ ನಿಂತು ಹೇಳಿದೆ. ಬರೆದವರು ಹುಟ್ಟಿದ್ದೂ ಮಾಥೇರಾನ್‌ನಲ್ಲಿ, ನಿನ್ನ ಲೈನಿನಲ್ಲೇ, ನೇರಳ್‌ನಲ್ಲಿ ಇಳಿದು ಹತ್ತಬೇಕು. ಅಲ್ಲಿ ಇವತ್ತಿಗೂ ಕಾರು ಬಿಡುವುದಿಲ್ಲ, ಕುದುರೆ ಓಡಾಡುತ್ತವೆ.

ಕುದುರೆ ಅಂದಾಗ ಇನ್ನೊಂದು. ಆ್ಯನಾ ಸೆವೆಲ್ ಅವರ 'ಬ್ಲ್ಯಾಕ್ ಬ್ಯೂಟಿ'. 1877ರದ್ದು, ಕುದುರೆಯೇ ಕಥೆ ಹೇಳುವುದು. ಮನುಷ್ಯರ ಭಾಷೆಯೇ, ಆದರೆ ಹೇಳುವುದೆಲ್ಲ ಬಾಯಿಗೆ ಹಾಕಿದ ಕಬ್ಬಿಣ ಹೇಗೆ ಕೊರೆಯುತ್ತದೆ, ಚಂದ ಕಾಣಲಿ ಅಂತ ತಲೆಯನ್ನು ಎತ್ತಿ ಬಿಗಿದು ಕಟ್ಟಿದರೆ ಏರು ಹತ್ತುವಾಗ ಕತ್ತು ಹೇಗೆ ನೋಯುತ್ತದೆ, ಅದು. ನನ್ನ ಮಗ ಸಣ್ಣವನಿದ್ದಾಗ ಅದನ್ನು ಓದಿ ಹೇಳಿದೆ. ಆಮೇಲೆ ಗೇಟ್‌ವೇ ಹತ್ತಿರ ವಿಕ್ಟೋರಿಯಾ ಗಾಡಿ ಹತ್ತೋಣ ಅಂದರೆ ಬರಲಿಲ್ಲ, ಅಲ್ಲೇ ಕೂತು ಅತ್ತ. 2015ರಲ್ಲಿ ಹೈಕೋರ್ಟು ಆ ಗಾಡಿಗಳು ಕಾನೂನಿಗೆ ವಿರುದ್ಧ ಅಂದಾಗ ಅವನೇ ಫೋನ್ ಮಾಡಿ ಹೇಳಿದ್ದು, ಅಷ್ಟು ಹೊತ್ತಿಗೆ ಅವನಿಗೂ ಒಂದು ಮಗು.

ನ್ಯಾಷನಲ್_ಪಾರ್ಕ್_ಪಕ್ಕ

ಬೊರಿವಲಿಯಿಂದ ಎರಡೇ ಮಾತು. 'ರುದ್ರಪ್ರಯಾಗದ ಭಯಾನಕ ನರಭಕ್ಷಕ', ಕಾರ್ಬೆಟ್ ಬರೆದದ್ದು, ತೇಜಸ್ವಿ ಕನ್ನಡಕ್ಕೆ ತಂದದ್ದು. ಕಟ್ಟುಕಥೆ ಅಲ್ಲ, ನಡೆದದ್ದು. ಒಂದೇ ಚಿರತೆ, ಎಂಟು ವರ್ಷದಲ್ಲಿ ಕೊಂದದ್ದು 125 ಜನರನ್ನು. ಇಡೀ ಪುಸ್ತಕದಲ್ಲಿ ಕಾರ್ಬೆಟ್ ಚಿರತೆಯ ಮನಸ್ಸಿನ ಒಳಗೆ ಹೋಗುವುದೇ ಇಲ್ಲ. ಹೆಜ್ಜೆ ಗುರುತು, ಒಂದು ಬಾಗಿಲು ಗೀರಿದ ಶಬ್ದ, ಅಷ್ಟೇ. ಕೊನೆಗೆ ಹೊಡೆದು ಹಾಕಿದ ಮೇಲೆ ನೋಡಿದರೆ ಅದೊಂದು ಮುದಿ ಪ್ರಾಣಿ, ದೆವ್ವ ಅಲ್ಲ. ನಾನು ಇದನ್ನು ರಾತ್ರಿ ಓದಿದೆ. ನಮ್ಮ ಬಿಲ್ಡಿಂಗಿನ ಹಿಂದಿನ ಗೋಡೆ ದಾಟಿದರೆ ನ್ಯಾಷನಲ್ ಪಾರ್ಕು. ವಾಚ್‌ಮನ್ ಸಿಸಿಟಿವಿಯಲ್ಲಿ ಆಗಾಗ ಚಿರತೆ ತೋರಿಸುತ್ತಾನೆ, ಕಸದ ಡಬ್ಬದ ಹತ್ತಿರ ನಾಯಿಗೆ ಬಂದದ್ದು. ಓದಿ ಮುಗಿಸಿ ಮೂರು ದಿನ ಕಸ ಹಾಕೋಕೆ ಹೆಂಡತಿಯನ್ನು ಕಳಿಸಿದೆ, ಈಗಲೂ ಬೈತಾಳೆ.

ಡೊಂಬಿವಲಿ_ಸ್ಲೋ

ಅಕ್ಕ, ಒದೆಯಬೇಡಿ ವಿಷಯದಲ್ಲಿ ಸೋತೆ. ನಾನು ಕೊಟ್ಟಿಗೆ ನೋಡಿಲ್ಲ. ಗೋರೇಗಾಂವ್ ತಬೇಲಾ ಹೊರಗಿಂದ ನೋಡಿದ್ದೇನೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಪೂರ್ತಿ ಹಾಡು ಹೇಳಿಸಿದೆ. ಅವರು ಕರುವಿನ ಸಾಲಿಗೆ ಬಂದಾಗ ದನಿ ನಡುಗಿತು, ನಾನು ಸಿಗ್ನಲ್ ಹೋಯಿತು ಅಂತ ಫೋನ್ ಇಟ್ಟೆ.

ಆದರೂ ಹುಲಿ ವಿಷಯ ನನ್ನದೇ ಗೆಲುವು, ನೀವೇ ಬಿಟ್ಟುಕೊಟ್ಟಿದ್ದೀರಿ.

'ಹಯವದನ' ನಿಮ್ಮ ಹತ್ತಿರ ಇದ್ದರೆ ಶನಿವಾರ ಬಂದು ತೆಗೆದುಕೊಂಡು ಹೋಗಲಾ? ಮಾಟುಂಗಾದಲ್ಲಿ ಫಾಸ್ಟ್ ನಿಲ್ಲಲ್ಲ, ನಾನು ಹೇಗೂ ಸ್ಲೋನೇ. ಬದಲಿಗೆ 'ವಾಟರ್‌ಶಿಪ್ ಡೌನ್' ಕೊಡುತ್ತೇನೆ, ಹಿಂದಿನ ರಟ್ಟು ಇಲ್ಲ.

ಮಾಟುಂಗಾ_ಅಕ್ಕ

ಹನ್ನೊಂದರ ಮೇಲೆ ಬಾ. ಪುಸ್ತಕಕ್ಕೆ ಬೈಂಡು ಹಾಕಿಸಿಟ್ಟಿದ್ದೇನೆ, ಲೋಕಲ್‌ನಲ್ಲಿ ಮಡಚಿ ಹಿಡಿಯಬೇಡ. ನಿನ್ನ ಮೊಲದ್ದು ತಾ, ರಟ್ಟು ನಾನು ಅಂಟಿಸುತ್ತೇನೆ. ಅಕ್ಷರ ತುಂಬಾ ಸಣ್ಣದಿದ್ದರೆ ಮೊದಲೇ ಹೇಳು, ಕನ್ನಡಕ ಬದಲಾಯಿಸಬೇಕು.